24 ಪರ್ಸೆಂಟ್‌ಗೇ ಬಂದ್ ಬಿದ್ದ ಫೋನು, 18 ಮಂದಿಯ ಪಗಾರ

2024ರ ಏಪ್ರಿಲ್. ನವಲಗುಂದ ತಾಲೂಕಿನ ಹಳ್ಳಿಯಿಂದ ನನ್ನ ಚಿಕ್ಕಪ್ಪನ ಮಗಳು ಕಾಲ್ ಮಾಡಿದ್ದಳು, ಅದೂ ಬೇರೆ ಯಾರದೋ ಫೋನಿನಿಂದ. "ಅಣ್ಣಾ, ನೀ ಕೊಡಿಸಿದ ಫೋನ್ 24 ಪರ್ಸೆಂಟ್ ತೋರಸಾಕತ್ತಿತ್ತು. ಫೋಟೋ ತಗೀಬೇಕಂತ ಕ್ಯಾಮೆರಾ ಆನ್ ಮಾಡಿದ್ನಿ, ಬಂದ್ ಬಿತ್ತು ನೋಡು. ಈಗ ಮಂದಿ ನನ್ನ ಕೇಳಾಕತ್ತಾರ, ನಮ್ಮ ಪಗಾರ ಏನಾತವ್ವಾ ಅಂತ."

ಅವಳು ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು. ಅವತ್ತು ಕೆರೆ ಹೂಳೆತ್ತಲು ಬಂದಿದ್ದ 18 ಮಂದಿಯ ಹಾಜರಿ ಅವಳ ಹೊಣೆ. 2023ರ ಜನವರಿ 1ರಿಂದ ಇಂಥ ಸಾಮೂಹಿಕ ಕಾಮಗಾರಿಗಳ ಹಾಜರಿಯನ್ನು ಎನ್‌ಎಂಎಂಎಸ್ ಆ್ಯಪ್‌ನಲ್ಲೇ ಹಾಕಬೇಕು ಅಂತ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತ್ತು. ದಿನಕ್ಕೆ ಎರಡು ಫೋಟೋ, ಜೊತೆಗೆ ಜಾಗದ ಗುರುತು, ಸಮಯದ ಗುರುತು. ಬೆಳಗಿನ ಫೋಟೋ ಹೋಗಿತ್ತು, ಎರಡನೆಯದು ಹೋಗಲಿಲ್ಲ. ಆಗ ಕರ್ನಾಟಕದ ದಿನಗೂಲಿ 349 ರೂಪಾಯಿ. 18 ಮಂದಿಗೆ ಲೆಕ್ಕ ಹಾಕಿದರೆ 6,282. ಆ ಫೋನಿಗೆ ನಾನು ಕೊಟ್ಟಿದ್ದು 6,500.

ಎಂಜಿನಿಯರಿಂಗ್ ಓದಿದವನು ನಾನು. ಆದರೂ ಆ ರಿಫರ್ಬಿಶ್ಡ್ ಫೋನ್ ಕೊಳ್ಳುವಾಗ ಸ್ಕ್ರೀನ್ ನೋಡಿದೆ, ಕ್ಯಾಮೆರಾ ನೋಡಿದೆ, ಸ್ಟೋರೇಜ್ ನೋಡಿದೆ. ಬ್ಯಾಟರಿಗೆ ಎಷ್ಟು ವಯಸ್ಸು ಅಂತ ಕೇಳಲಿಲ್ಲ. "ಎ ಗ್ರೇಡ್ ಐತ್ರೀ ಸರ್, ಹೊಸಾದು ಇದ್ದಂಗ" ಅಂದರು ಅಂಗಡಿಯವರು. ಆ ಗ್ರೇಡು ಮೈಮೇಲಿನ ಗೀರಿಗೆ ಕೊಟ್ಟದ್ದು, ಒಳಗಿನ ಬ್ಯಾಟರಿಗಲ್ಲ ಅಂತ ತಿಳಿದದ್ದು ಆಮೇಲೆ. ವಾರಂಟಿ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಬ್ಯಾಟರಿ ಹೊರತುಪಡಿಸಿ.

ಕೆರೆ ತುಂಬಿದೆ, ನೀರಿಲ್ಲ

24 ಪರ್ಸೆಂಟ್ ಇದ್ದ ಫೋನು ಹೇಗೆ ಸತ್ತಿತು? ಉತ್ತರ ಅವಳು ನಿಂತಿದ್ದ ಜಾಗದಲ್ಲೇ ಇತ್ತು.

ಮಲಪ್ರಭಾ ಕಾಲುವೆಯಿಂದ ಕೆರೆ ತುಂಬಿಸಿ ಕುಡಿಯುವ ಊರುಗಳಿಗೆ ಹೂಳಿನ ಲೆಕ್ಕ ಗೊತ್ತು. ವರ್ಷವರ್ಷ ಹೂಳು ಕೂತಂತೆ ಕೆರೆ ಕೋಡಿಯವರೆಗೆ ತುಂಬಿದ ಹಾಗೆ ಕಾಣುತ್ತದೆ, ನೀರು ಮಾತ್ರ ಮೊದಲಿಗಿಂತ ಬೇಗ ಖಾಲಿ. ಲಿಥಿಯಂ ಬ್ಯಾಟರಿಯ ಕಥೆಯೂ ಇದೇ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತವೆ, ಬಳಸುವಾಗ ವಾಪಸ್ ಬರುತ್ತವೆ. ಪ್ರತಿ ಸಲವೂ ಒಂದಿಷ್ಟು ಲಿಥಿಯಂ ಗ್ರಾಫೈಟಿನ ಮೇಲಿನ ಪದರದಲ್ಲಿ ಸಿಕ್ಕಿಬಿದ್ದು ಅಲ್ಲೇ ಉಳಿಯುತ್ತದೆ. ಅದು ಹೂಳು. ಡಬ್ಬಿ ಮೇಲೆ 5,000 ಎಂಎಎಚ್ ಅಂತ ಇದ್ದರೂ ಮೂರು ವರ್ಷ ದುಡಿದ ಬ್ಯಾಟರಿಯಲ್ಲಿ 3,500 ಉಳಿದಿರಬಹುದು. ಸ್ಕ್ರೀನ್ ಮಾತ್ರ 100 ಪರ್ಸೆಂಟ್ ಅಂತಲೇ ತೋರಿಸುತ್ತದೆ. ಯಾವುದರ 100 ಅಂತ ಹೇಳುವುದಿಲ್ಲ.

ಎರಡನೇ ತೊಂದರೆ ಒಳಗಿನ ಪ್ರತಿರೋಧದ್ದು. ಹೊಲದಲ್ಲಿ ಮೋಟರ್ ಚಾಲೂ ಮಾಡಿದ ಕ್ಷಣ ಮನೆಯ ಬಲ್ಬು ಮಂಕಾಗುವುದನ್ನು ನೋಡಿದ್ದೀರಲ್ಲ? ಹಳೆಯ ಬ್ಯಾಟರಿಯಿಂದ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದರೆ ವೋಲ್ಟೇಜ್ ಹಾಗೇ ಕುಸಿಯುತ್ತದೆ. ಒಂದು ಮಿತಿಗಿಂತ ಕೆಳಗೆ ಹೋದರೆ ಫೋನು ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಹಾಜರಿ ಆ್ಯಪ್ ಕೇಳುವುದು ಸರಿಯಾಗಿ ಇದನ್ನೇ: ಕ್ಯಾಮೆರಾ, ಜಿಪಿಎಸ್, ಇಂಟರ್ನೆಟ್ ಮೂರೂ ಒಟ್ಟಿಗೆ, ಅದೂ ಬಿಸಿಲಲ್ಲಿ ಕಾಣಲೆಂದು ಪೂರ್ತಿ ಬೆಳಕಿಟ್ಟ ಸ್ಕ್ರೀನಿನೊಂದಿಗೆ. ಸಿಗ್ನಲ್ ಒಂದೇ ಕಡ್ಡಿ ಇದ್ದರೆ ಟವರನ್ನು ಮುಟ್ಟಲು ಫೋನು ಇನ್ನೂ ಹೆಚ್ಚು ಶಕ್ತಿ ಸುಡುತ್ತದೆ. ಏಪ್ರಿಲ್ ಬಿಸಿಲು ಬ್ಯಾಟರಿಯ ಮುಪ್ಪನ್ನು ಮತ್ತಷ್ಟು ಬೇಗ ತರುತ್ತದೆ.

ಕೊಳ್ಳುವ ಮೊದಲು, ಕೊಂಡ ಮೇಲೆ

ಐಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿ. 80 ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಬ್ಯಾಟರಿ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಸ್ಯಾಮ್‌ಸಂಗ್ ಫೋನಾದರೆ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನಲ್ಲಿ ಪರೀಕ್ಷೆ ಇದೆ. ಬೇರೆಯದಕ್ಕೆ ಅಂಗಡಿಯಲ್ಲೇ ಒಂದು ಒರಟು ಪರೀಕ್ಷೆ ಮಾಡಬಹುದು: ಪೂರ್ತಿ ಚಾರ್ಜ್ ಮಾಡಿಸಿ, ಬೆಳಕು ಪೂರ್ತಿ ಇಟ್ಟು ಅರ್ಧ ತಾಸು ವಿಡಿಯೋ ಓಡಿಸಿ. ಚಾರ್ಜು 15 ಪರ್ಸೆಂಟ್‌ಗಿಂತ ಹೆಚ್ಚು ಇಳಿದರೆ ಅಥವಾ ಅಂಕಿ ಒಮ್ಮೆಲೇ ನೆಗೆದು ಕೆಳಗೆ ಬಿದ್ದರೆ ಬ್ಯಾಟರಿ ದಣಿದಿದೆ ಅಂತಲೇ ಅರ್ಥ. "ಬ್ಯಾಟರಿ ಎಷ್ಟು ಉಳಿದೈತಿ, ಬಿಲ್ಲಿನ ಮ್ಯಾಲ ಬರದ ಕೊಡ್ರಿ" ಅಂತ ಕೇಳಿ. ಬರೆಯಲು ಹಿಂಜರಿದರೆ ಅದೂ ಒಂದು ಉತ್ತರವೇ.

ಬದಲಿಸುವಾಗ ಹೊಸ ಬ್ಯಾಟರಿ ಮೇಲೆ ಬಿಐಎಸ್ ಗುರುತು, ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯ ಖರೆ ಖೋಟಾ ತಿಳಿಯುತ್ತದೆ.

ಬಳಸುವಾಗ ಆದಷ್ಟು 20ರಿಂದ 80ರ ನಡುವೆ ಇಡಿ. ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಇಡಬೇಡಿ, ಬೈಕಿನ ಮೇಲೆ ಬಿಸಿಲಿಗೆ ಬಿಡಬೇಡಿ. ಸಿಗ್ನಲ್ ಇಲ್ಲದ ಕಡೆ ಏರೋಪ್ಲೇನ್ ಮೋಡ್ ಹಾಕಿ. ಬ್ಯಾಟರಿ ಉಬ್ಬಿ ಹಿಂದಿನ ಕವರ್ ಎದ್ದಿದ್ದರೆ ಅವತ್ತೇ ಬಳಕೆ ನಿಲ್ಲಿಸಿ. ಚುಚ್ಚಬೇಡಿ, ತಿಪ್ಪೆಗೆ ಎಸೆಯಬೇಡಿ. ರಿಪೇರಿ ಅಂಗಡಿಗೋ ಇ-ತ್ಯಾಜ್ಯ ಪಡೆಯುವವರಿಗೋ ಕೊಡಿ. ಮಾರಿದವರು ಮಾತು ತಪ್ಪಿದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಇದು ಬರೀ ಜಾಗ್ರತೆಯ ಮಾತಲ್ಲ

ಇಲ್ಲಿಗೇ ನಿಲ್ಲಿಸಿದರೆ ತಪ್ಪೆಲ್ಲ ಕೊಂಡವರದ್ದೇ ಅಂತಾಗುತ್ತದೆ. ಬ್ಯಾಟರಿ ಹೆಲ್ತ್ ಅನ್ನುವ ಆ ಸ್ಕ್ರೀನು ಐಫೋನಿಗೆ ಹೇಗೆ ಬಂತು ನೆನಪಿಸಿಕೊಳ್ಳಿ. ಹಳೆ ಬ್ಯಾಟರಿಯ ಫೋನುಗಳನ್ನು ಹೇಳದೆ ಕೇಳದೆ ನಿಧಾನ ಮಾಡಿದ್ದನ್ನು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಜನ ಕೋರ್ಟಿಗೆ ಹೋದರು, ಗಲಾಟೆಯಾಯಿತು. 2018ರ ಮಾರ್ಚ್‌ನಲ್ಲಿ ಆ ಮಾಹಿತಿ ಸೆಟ್ಟಿಂಗ್ಸ್‌ಗೆ ಬಂತು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು. ಯಾರೂ ದಯೆಯಿಂದ ಕೊಟ್ಟದ್ದಲ್ಲ ಅದು.

ಯುರೋಪಿನಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಹೊಸ ಫೋನಿನ ಬ್ಯಾಟರಿ 800 ಸಲ ಪೂರ್ತಿ ಚಾರ್ಜಾಗಿ ಇಳಿದ ಮೇಲೂ 80 ಪರ್ಸೆಂಟ್ ಸಾಮರ್ಥ್ಯ ಉಳಿಸಿಕೊಳ್ಳಬೇಕು ಅನ್ನುವ ನಿಯಮವಿದೆ. ನಮ್ಮಲ್ಲಿ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಆಯಿತು, ಪೋರ್ಟಲ್ ಆಯಿತು. ಫೋನುಗಳಿಗೆ ರಿಪೇರಿ ಸೂಚ್ಯಂಕ ಬೇಕು ಅನ್ನುವ ಇನ್ನೊಂದು ಸಮಿತಿಯ ವರದಿ 2025ರ ಮೇನಲ್ಲಿ ಬಂತು. ಆದರೆ ಅದು ಹೊಸ ಫೋನಿನ ಮಾತು. ನವಲಗುಂದ, ಕುಂದಗೋಳ, ಕಲಘಟಗಿಯ ಹಳ್ಳಿಗಳಲ್ಲಿ ಎಷ್ಟೋ ಮನೆಗೆ ಫೋನು ಬರುವುದೇ ಎರಡನೇ ಕೈಯಿಂದ. ಹಾಲಿನ ಪಾಕೀಟಿನ ಮೇಲೆ ತಾರೀಖು ಇರುತ್ತದೆ, ರಿಫರ್ಬಿಶ್ಡ್ ಬ್ಯಾಟರಿ ಮೇಲೆ ಯಾಕಿರಬಾರದು?

ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ ಇನ್ನೂ ದೊಡ್ಡದು. ಹಾಜರಿ ಆ್ಯಪ್‌ನಲ್ಲಿ, ಇಕೆವೈಸಿ ಫೋನಿನಲ್ಲಿ, ಬೆಳೆ ಸಮೀಕ್ಷೆ ಫೋನಿನಲ್ಲಿ. ನನ್ನ ತಂಗಿಯ ವಿಷಯದಲ್ಲಿ ಫೋನು ಅವಳದ್ದು, ಡೇಟಾ ಅವಳದ್ದು, ಸತ್ತ ಬ್ಯಾಟರಿಯೂ ಅವಳದ್ದು. ಕಾಲುವೆ ನೀರು ಸರಿಯಾಗಿ ಹೊಲಕ್ಕೆ ಬರುವ ಮೊದಲೇ ಕರ ಕೇಳಿದರು ಅಂತ 1980ರಲ್ಲಿ ಎದ್ದುನಿಂತ ರೈತರ ತಾಲೂಕು ಇದು. ಸವಲತ್ತು ಕೊಡದೆ ಹೊರೆ ಹೊರಿಸುವುದು ಅಂದರೇನು ಅಂತ ಇಲ್ಲಿಯ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ್ಯಪ್ ಕಡ್ಡಾಯ ಮಾಡುವವರು ಫೋನಿನ, ಬ್ಯಾಟರಿಯ ಖರ್ಚು ಕೊಡಲಿ. ಫೋನು ಕೈಕೊಟ್ಟ ದಿನ ಕಾಗದದ ಹಾಜರಿಯನ್ನು ತಕರಾರಿಲ್ಲದೆ ಒಪ್ಪಲಿ.

ಆ 18 ಮಂದಿಯ ಹಾಜರಿ ಅರ್ಜಿ ಬರೆದು, ಓಡಾಡಿ, ಕೊನೆಗೆ ಸರಿಯಾಯಿತು. ಕೂಲಿ ತಡವಾಗಿ ಬಂತು. ಓಡಾಟದಲ್ಲಿ ತಂಗಿಯ ಎರಡು ದಿನದ ದುಡಿಮೆ ಹೋಯಿತು, ಅದನ್ನು ಯಾರೂ ತುಂಬಿಕೊಡಲಿಲ್ಲ. ಹುಬ್ಬಳ್ಳಿಯಲ್ಲಿ 1,400 ರೂಪಾಯಿ ಕೊಟ್ಟು ಬ್ಯಾಟರಿ ಬದಲಿಸಿದೆ. ಈಗ ಅದೇ ಫೋನು ಸಂಜೆ ತನಕ ಬರುತ್ತದೆ.