ನಿಮಗಿದು ಗೊತ್ತೇ? ಊರಿನ ಸಬ್ಸಿಡಿ ಲೆಕ್ಕ ಮೊಬೈಲಿನಲ್ಲೇ!

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯ ಯಾವುದಾದರೂ ಒಂದು ಹಳ್ಳಿ ನೆನೆದುಕೊಳ್ಳಿ. ಈಗ ರೈತರಿಗೆ ಹಣ ಕೊಡುವ ಪಿಎಂ-ಕಿಸಾನ್ ಯೋಜನೆಯ ಜಾಲತಾಣ ತೆರೆಯಿರಿ. ರಾಜ್ಯ, ಜಿಲ್ಲೆ, ತಾಲ್ಲೂಕು, ಹಳ್ಳಿ ಅಂತ ಒತ್ತುತ್ತಾ ಹೋಗಿ. ಹಣ ಪಡೆಯುವವರ ಹೆಸರುಗಳು ಸಾಲಾಗಿ ಬಂದು ನಿಲ್ಲುತ್ತವೆ! ಪಾಸ್‌ವರ್ಡ್ ಬೇಡ, ಅರ್ಜಿ ಬೇಡ, ನಾಡಕಚೇರಿಗೆ ಅಲೆಯುವುದೂ ಬೇಡ.

ಈ ಯೋಜನೆಗೆ ಚಾಲನೆ ಸಿಕ್ಕಿದ್ದು 2019ರ ಫೆಬ್ರವರಿ 24ರಂದು. ಹಣದ ಲೆಕ್ಕ ಶುರುವಾದದ್ದು ಮಾತ್ರ 2018ರ ಡಿಸೆಂಬರ್ 1ರಿಂದ. ಹುಟ್ಟುವ ಮೊದಲೇ ಸಂಬಳ!

ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಶಾಸಕರಿಗಿಲ್ಲ, ಸಂಸದರಿಗಿಲ್ಲ, ಆದಾಯ ತೆರಿಗೆ ಕಟ್ಟುವವರಿಗೂ ಇಲ್ಲ. ಆದರೂ 2020ರ ಜುಲೈ ಹೊತ್ತಿಗೆ ದೇಶದಲ್ಲಿ 20.48 ಲಕ್ಷ ಅನರ್ಹರ ಖಾತೆಗೆ 1,364 ಕೋಟಿ ರೂಪಾಯಿ ಸೇರಿಬಿಟ್ಟಿತ್ತು. ಇದು ಹೊರಬಿದ್ದದ್ದು ಒಂದು ಆರ್‌ಟಿಐ ಅರ್ಜಿಯಿಂದ. ಇನ್ನೂ ಮಜಾ ಕೇಳಿ: ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆದಾಯ ತೆರಿಗೆದಾರರೇ!

ಅಂದಹಾಗೆ, ಸಬ್ಸಿಡಿ ಯಾರಿಗೆ ಹೋಯಿತು ಅಂತ ನೀವು ಕೇಳುವ ಮುಂಚೆಯೇ ಸರ್ಕಾರ ಹೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್‌ನಲ್ಲೇ ಇದು ಬರೆದಿದೆ. ನಮ್ಮ ಕರ್ನಾಟಕವಂತೂ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ದಿಲ್ಲಿಗಿಂತ ಐದು ವರ್ಷ ಮುಂದೆ!

'ಎಫ್‌ಐಡಿ ಆಗಿದೆಯಾ?' ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳುವುದೇ ಇದನ್ನು. ಅದು ರಾಜ್ಯದ 'ಫ್ರೂಟ್ಸ್' ತಂತ್ರಾಂಶ ಕೊಡುವ ರೈತರ ಗುರುತಿನ ಸಂಖ್ಯೆ. ಪಹಣಿ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಅದಕ್ಕೇ ಗಂಟು. ಡ್ರಿಪ್‌ಗೂ ಅದೇ, ಬೆಳೆ ಪರಿಹಾರಕ್ಕೂ ಅದೇ, ಬೆಂಬಲ ಬೆಲೆಗೆ ರಾಗಿ ಮಾರಲೂ ಅದೇ ನಂಬರು!

ಡೇರಿಗೆ ಹಾಲು ಹಾಕುತ್ತೀರಾ? 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದ ಸರ್ಕಾರದ ಪ್ರೋತ್ಸಾಹಧನ 2016ಕ್ಕೆ 5 ರೂಪಾಯಿ ಆಯಿತು. ಎಂಟೇ ವರ್ಷ, ಎರಡೂವರೆ ಪಟ್ಟು!

ಈಗ ನಿಜವಾದ ಸೋಜಿಗ. ಪಿಎಂ-ಕಿಸಾನ್‌ನ 2,000 ರೂಪಾಯಿಯ ಕಂತಿಗೆ ಹೆಸರಿನ ಪಟ್ಟಿ ಇದೆ. ಬೋರ್‌ವೆಲ್ ಕರೆಂಟಿಗೆ? ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನೀರಾವರಿ ಬಹುಪಾಲು ಬೋರ್ ನಂಬಿಕೊಂಡೇ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಆ ದುಡ್ಡನ್ನು ಸರ್ಕಾರ ಬೆಸ್ಕಾಂಗೆ ಕಟ್ಟುತ್ತದೆ. ಎರಡು ಬೋರ್ ಇದ್ದವರಿಗೆ ಎಷ್ಟು, ಬೋರೇ ಇಲ್ಲದ ಮಳೆಯಾಶ್ರಿತ ರೈತನಿಗೆ ಎಷ್ಟು? ಅವನಿಗೆ ಸೊನ್ನೆ!

ಯೂರಿಯಾ ಕಥೆ ಇನ್ನೂ ವಿಚಿತ್ರ. 45 ಕೆಜಿ ಮೂಟೆಗೆ ನೀವು ಕೊಡುವುದು 266 ರೂಪಾಯಿ 50 ಪೈಸೆ. ಅಂಗಡಿಯ ಯಂತ್ರದ ಮೇಲೆ ಬೆರಳು ಒತ್ತುತ್ತೀರಿ. ಆಮೇಲೆ ಸಬ್ಸಿಡಿ ಹಣ ಹೋಗುವುದು ಗೊಬ್ಬರದ ಕಂಪನಿಗೆ. ಹೆಬ್ಬೆಟ್ಟು ನಿಮ್ಮದು, ದುಡ್ಡು ಕಂಪನಿಗೆ!

ಹೊರದೇಶದಲ್ಲಿ? 2005ರಲ್ಲಿ ಬ್ರಿಟನ್ ಪಟ್ಟಿ ಬಿಚ್ಚಿದಾಗ ಕೃಷಿ ಸಬ್ಸಿಡಿ ಪಡೆದವರಲ್ಲಿ ಯಾರಿದ್ದರು ಗೊತ್ತೇ? ರಾಣಿ ಎಲಿಜಬೆತ್!

ಜರ್ಮನಿಯ ರೈತರು ಮಾತ್ರ 'ನಮ್ಮ ಹೆಸರು ಅಂತರ್ಜಾಲದಲ್ಲಿ ಯಾಕೆ?' ಅಂತ ಕೋರ್ಟಿಗೆ ಹೋದರು. 2010ರ ನವೆಂಬರ್ 9ರಂದು ಯುರೋಪಿನ ನ್ಯಾಯಾಲಯದಲ್ಲಿ ಗೆದ್ದೂಬಿಟ್ಟರು! ಆಮೇಲೆ ಅಲ್ಲಿ ನಿಯಮ ಬದಲಾಯಿತು. ವರ್ಷಕ್ಕೆ 1,250 ಯೂರೋವರೆಗೆ ಪಡೆದವರ ಹೆಸರು ಗುಟ್ಟು. ನಮ್ಮ ಲೆಕ್ಕದಲ್ಲಿ ಅದು ಲಕ್ಷ ರೂಪಾಯಿಗೂ ಮಿಕ್ಕಿದ್ದು. ಇಲ್ಲಿ 2,000ಕ್ಕೇ ಹೆಸರು ಬಯಲು! ಸಣ್ಣ ರೈತನಿಗೆ ಆ ನಿಯಮವೇ ವಾಸಿ ಅಂತ ನನಗನ್ನಿಸುತ್ತದೆ, ನೀವು ಒಪ್ಪದಿರಬಹುದು.

ಕೊನೆಗೊಂದು. ಪಿಎಂ-ಕಿಸಾನ್ ಜಾಲತಾಣದಲ್ಲಿ 'ನನಗೆ ಈ ಹಣ ಬೇಡ' ಅಂತ ಸ್ವಇಚ್ಛೆಯಿಂದ ಬಿಟ್ಟುಕೊಡಲೂ ಒಂದು ಜಾಗ ಇಟ್ಟಿದ್ದಾರೆ. ಹೌದು, ನಿಜವಾಗಿಯೂ ಇದೆ, ನೋಡಿ ಬನ್ನಿ!