ನಡೆದಾಗ ಉಣ್ಣುವ ಕೀಲು

ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಹೋಗುವವರು ಬೆಟ್ಟದೊಳಗಿನ ಸುರಂಗದಲ್ಲಿ, ಸೊಂಟದಿಂದ ಎದೆಮಟ್ಟದವರೆಗೆ ಬರುವ ನೀರಿನಲ್ಲಿ ನಡೆದುಹೋಗಬೇಕು. ಮೊಳಕಾಲು ಹಿಡಿದುಕೊಂಡೇ ಮೆಟ್ಟಿಲಿಳಿಯುವ ಹಿರಿಯರಿಗೆ ಆ ನೀರೊಳಗಿನ ನಡಿಗೆ ಹಗುರ. ಇದಕ್ಕೆ ಅಳತೆ ಮಾಡಿದ ಲೆಕ್ಕವಿದೆ. ನೀರು ಸೊಂಟದವರೆಗೆ ಬಂದರೆ ಕಾಲಿನ ಮೇಲೆ ಬೀಳುವುದು ಮೈಭಾರದ ಹೆಚ್ಚುಕಡಿಮೆ ಅರ್ಧ. ಎದೆಗೂಡಿನ ಕೆಳತುದಿ ಮುಟ್ಟಿದರೆ ಮೂರನೇ ಒಂದು ಭಾಗ. ಕುತ್ತಿಗೆಯವರೆಗೆ ಮುಳುಗಿದವರ ಕಾಲಿಗೆ ಹತ್ತನೇ ಒಂದು ಭಾಗವಷ್ಟೇ ಉಳಿಯುತ್ತದೆ. ದೊಡ್ಡ ಊರುಗಳ ಕೆಲವು ಫಿಸಿಯೋಥೆರಪಿ ಕೇಂದ್ರಗಳಲ್ಲಿ ಸಂಧಿವಾತದ ರೋಗಿಗಳನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ನಡೆಸುವುದು ಇದೇ ಕಾರಣಕ್ಕೆ. ಗುಹೆಯ ಇಕ್ಕಟ್ಟು, ಗದ್ದಲ, ಜಾರುವ ನೆಲ ಚಿಕಿತ್ಸೆಗೆ ತಕ್ಕುದಲ್ಲ. ಆದರೆ ಮೊಳಕಾಲಿಗೆ ಭಾರ ಎಂದರೇನು ಎಂಬುದು ಅಲ್ಲಿ ಮೈಗೇ ತಿಳಿಯುತ್ತದೆ.

ನೀರಿನಿಂದ ಹೊರಗೆ ಬಂದಮೇಲೆ ಭಾರ ಮೈತೂಕದಷ್ಟಕ್ಕೇ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಕೂಡಿಸುವ ಕೃತಕ ಕೀಲಿನೊಳಗೇ ಸೆನ್ಸರ್ ಇಟ್ಟು ಅಳೆದವರಿದ್ದಾರೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮೊಳಕಾಲಿಗೆ ಮೈತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ, ಮೆಟ್ಟಿಲು ಹತ್ತುವಾಗ ಮೂರು ಪಟ್ಟು ದಾಟುತ್ತದೆ, ಇಳಿಯುವಾಗ ಇನ್ನೂ ತುಸು ಹೆಚ್ಚು. 60 ಕಿಲೋ ತೂಗುವ ಹೆಣ್ಣುಮಗಳು ಮಾಳಿಗೆಯಿಂದ ಇಳಿಯುವಾಗ ಒಂದೊಂದು ಹೆಜ್ಜೆಗೂ ಅವಳ ಕೀಲು 200 ಕಿಲೋ ಹೊರುತ್ತದೆ. ಇಷ್ಟು ಭಾರ ಎಲ್ಲಿಂದ ಬಂತು? ಮೊಳಕಾಲು ಕುಸಿಯದಂತೆ ತೊಡೆಯ ಸ್ನಾಯು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಆ ಎಳೆತವೂ ಕೀಲಿನ ಮೇಲೆಯೇ ಬಿದ್ದು ಮೈತೂಕಕ್ಕೆ ಕೂಡಿಕೊಳ್ಳುತ್ತದೆ. ಕಾಲು ಹೆಚ್ಚು ಮಡಿಸಿದಷ್ಟೂ ಎಳೆತ ಹೆಚ್ಚು.

ಬೀದರ ಜಿಲ್ಲೆಯ ಬದುಕು ಬಹುಪಾಲು ಕಾಲು ಮಡಿಸಿಯೇ ನಡೆಯುತ್ತದೆ. ಭಾಲ್ಕಿ, ಔರಾದ ಸೀಮೆಯ ಕರಿ ಹೊಲಗಳಲ್ಲಿ ಮಳೆಗಾಲ ಬಂತೆಂದರೆ ಹೆಣ್ಣುಮಕ್ಕಳು ಖುರ್ಪಿ ಹಿಡಿದು ಉದ್ದು, ಹೆಸರು, ಸೋಯಾ ಸಾಲಿನ ನಡುವೆ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯುತ್ತಾರೆ. ಸೆಪ್ಟೆಂಬರ್ ಕೊನೆಗೆ ಸೋಯಾ ಕೊಯ್ಲು. ಗಿಡ ಮೊಳಕಾಲೆತ್ತರದ್ದು, ಕುಡಗೋಲು ನೆಲಕ್ಕೆ ತಾಗುವಂತೆ ಕೊಯ್ಯಬೇಕು. ಮನೆಗೆ ಬಂದರೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಬೇಕು. ಬೀದರ ಪೇಟೆಯ ಚೌಬಾರಾ ಗೋಪುರದ ಸುತ್ತಲಿನ ಓಣಿಗಳಲ್ಲಿ ಬಿದರಿ ಕುಶಲಕರ್ಮಿಗಳು ನೆಲದ ಮೇಲೆ ಕೂತೇ ದಿನವಿಡೀ ಬೆಳ್ಳಿ ತಂತಿ ಕೂಡಿಸುತ್ತಾರೆ. ನಮಾಜು, ಗುರುನಾನಕ್ ಝೀರಾ ಗುರುದ್ವಾರದ ಲಂಗರು, ಮಠದ ಪ್ರಸಾದದ ಪಂಕ್ತಿ, ಇಷ್ಟಲಿಂಗ ಪೂಜೆ, ಇವೆಲ್ಲವೂ ನೆಲದ ಮೇಲೆಯೇ. ಆಸ್ಪತ್ರೆಗೆ ಬಂದವರ ಮೊದಲ ಮಾತು ಅದಕ್ಕೇ ನಡಿಗೆಯ ಬಗ್ಗೆ ಇರುವುದಿಲ್ಲ: "ಕುಂದರಲಾಕ ಬರ್ತದ, ಏಳಲಾಕ ಬರಲ್ರಿ ಡಾಕ್ಟರ್ ಸಾಬ್."

ಕುಕ್ಕರಗಾಲಿಗೂ ಕೀಲಿನ ಸವೆತಕ್ಕೂ ನಂಟಿದೆಯೇ ಎಂದು ಬೀಜಿಂಗ್‌ನಲ್ಲಿ ವಿಚಾರಿಸಿದ್ದರು. 60 ದಾಟಿದವರನ್ನು ಹಿಡಿದು, ನೀವು 25ರ ಪ್ರಾಯದಲ್ಲಿ ದಿನಕ್ಕೆ ಎಷ್ಟು ಹೊತ್ತು ಹಾಗೆ ಕೂರುತ್ತಿದ್ದಿರಿ ಎಂದು ಕೇಳಿ, ಎಕ್ಸ್‌ರೇ ತೆಗೆದರು. ದಿನಕ್ಕೆ 3 ತಾಸಿಗೂ ಹೆಚ್ಚು ಕೂತವರಲ್ಲಿ ಮೊಳಕಾಲಿನ ಸವೆತ, ಅರ್ಧ ತಾಸಿಗಿಂತ ಕಡಿಮೆ ಕೂತವರಿಗೆ ಹೋಲಿಸಿದರೆ, ಸುಮಾರು ಎರಡು ಪಟ್ಟು ಕಂಡಿತು. 2004ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಔರಾದಿನ ಹೊಲದಲ್ಲಿ ನಿಂತು ಓದಿದರೆ ಅದು ದೂರದ ಊರಿನ ಸುದ್ದಿ ಅನಿಸುವುದಿಲ್ಲ. ಭಾರತದ ಹಲವು ನಗರ, ಹಳ್ಳಿಗಳನ್ನು ಸೇರಿಸಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇ. 28.7 ಮಂದಿಗೆ ಮೊಳಕಾಲಿನ ಆಸ್ಟಿಯೋಆರ್ಥ್ರೈಟಿಸ್, ಎಂದರೆ ಈ ಸವೆತದ ರೋಗ, ಇತ್ತು. ಹೆಂಗಸರ ಪಾಲು ಗಂಡಸರದಕ್ಕಿಂತ ಹೆಚ್ಚು. ಮುಟ್ಟು ನಿಂತಮೇಲೆ ಅದು ಇನ್ನೂ ಏರುತ್ತದೆ.

ಹಾಗಾದರೆ ಕೆಲಸ ಬಿಟ್ಟು ಕಾಲು ಚಾಚಿ ಕೂತರೆ ಸರಿಹೋದೀತೆ? ಬಹಳ ಮಂದಿ ಹಾಗೆಯೇ ನಂಬಿದ್ದಾರೆ. ಮೊಳಕಾಲನ್ನು ಬಂಡಿಯ ಅಚ್ಚಿನಂತೆ ಕಾಣುವುದೇ ಈ ನಂಬಿಕೆಯ ಬೇರು: ತಿರುಗಿದಷ್ಟೂ ಸವೆಯುತ್ತದೆ, ಕೀಲೆಣ್ಣೆ ಒಣಗಿದೆ, ಇನ್ನು ತಿರುಗಿಸದಿದ್ದರೆ ಉಳಿದಷ್ಟು ಉಳಿದೀತು. ಅಚ್ಚು ಕಬ್ಬಿಣದ್ದು, ಜೀವವಿಲ್ಲದ್ದು. ಮೊಳಕಾಲು ಹಾಗಲ್ಲ.

ತೊಡೆಮೂಳೆಯ ಕೆಳತುದಿ, ಕಣಕಾಲ ಮೂಳೆಯ ಮೇಲ್ತುದಿ, ಮುಂದೆ ಮೊಳಕಾಲ ಚಿಪ್ಪು, ಈ ಮೂರೂ ಒಂದನ್ನೊಂದು ಮುಟ್ಟುವ ಕಡೆಯಲ್ಲೆಲ್ಲ ಮೃದ್ವಸ್ಥಿಯ ನುಣುಪಾದ ಹೊದಿಕೆಯಿದೆ. ದಪ್ಪ ಕೆಲವೇ ಮಿಲಿಮೀಟರ್. ತೂಕದ ಮುಕ್ಕಾಲು ಪಾಲಿನಷ್ಟು ನೀರು. ಉಳಿದದ್ದು ಕೊಲ್ಲಾಜೆನ್ ಎಳೆಗಳ ಬಲೆ ಮತ್ತು ಆ ಬಲೆಯಲ್ಲಿ ನೀರನ್ನು ಹಿಡಿದಿಡುವ ದೊಡ್ಡ ಅಣುಗಳು. ಇದರೊಳಗೆ ಅಲ್ಲೊಂದು ಇಲ್ಲೊಂದು ಜೀವಕೋಶಗಳು ಕೂತು ಹೊದಿಕೆಯನ್ನು ಕಾಯ್ದುಕೊಳ್ಳುತ್ತವೆ. ವಿಚಿತ್ರವೆಂದರೆ ದೊಡ್ಡವರ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಈ ಕೋಶಗಳಿಗೆ ಆಹಾರ ತಲುಪುವುದು ಕೀಲಿನೊಳಗಿನ ಚಮಚದಷ್ಟೂ ಇಲ್ಲದ ಸೈನೋವಿಯಲ್ ದ್ರವದಿಂದ. ಹೆಜ್ಜೆ ಊರಿದಾಗ ಹೊದಿಕೆ ಅದುಮಿ ಒಳಗಿನ ದ್ರವ ಹೊರಗೆ ಬರುತ್ತದೆ, ಹೆಜ್ಜೆ ಎತ್ತಿದಾಗ ಹೊಸ ದ್ರವ ಒಳಗೆ ಸೇರುತ್ತದೆ. ನಡಿಗೆಯೇ ಅದರ ಊಟ. ಮುರಿದ ಕಾಲಿಗೆ ಕಟ್ಟು ಹಾಕಿ ವಾರಗಟ್ಟಲೆ ಅಲುಗಾಡದಂತೆ ಇಟ್ಟರೆ ಪೆಟ್ಟೇ ಬೀಳದ ಮೃದ್ವಸ್ಥಿಯೂ ತೆಳುವಾಗುತ್ತದೆ.

ಇಲ್ಲಿಯೇ ಕುಕ್ಕರಗಾಲಿನ ತೊಂದರೆ ತಿಳಿಯುತ್ತದೆ. ಅದರಲ್ಲಿ ಬಿದ್ದ ಭಾರ ತಾಸುಗಟ್ಟಲೆ ಇಳಿಯುವುದೇ ಇಲ್ಲ, ಅದುಮಿದ್ದು ಅದುಮಿದಂತೆಯೇ. ಕಳೆ ತೆಗೆಯುವಾಗ ಅರ್ಧ ತಾಸಿಗೊಮ್ಮೆ ಎದ್ದು ಸಾಲಿನ ತುದಿಯವರೆಗೆ ನಡೆದು ಬಂದರೆ ಕೀಲಿಗೆ ಒಂದು ತುತ್ತು ಸಿಕ್ಕಂತೆ. ಕೂಲಿಗೆ ಬಂದವಳಿಗೆ ಅಷ್ಟು ಹೊತ್ತು ಕೊಡುವುದು ಹೊಲದವರ ಕೈಯಲ್ಲಿದೆ.

ಅತಿಯಾದ ಭಾರ ಕೀಲಿಗೆ ಹೇಗೆ ಕೆಡುಕೋ, ನಡೆಯದೆ ಕೂತಲ್ಲೇ ಕೂರುವುದೂ ಹಾಗೆಯೇ. ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವೊಂದು ಪ್ರಾಚೀನ ಕಾಲದಿಂದ ಈಚಿನವರೆಗಿನ 2,500ಕ್ಕೂ ಹೆಚ್ಚು ಅಸ್ಥಿಪಂಜರಗಳ ಮೊಳಕಾಲು ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿತು. ಕಳೆದ ಶತಮಾನದ ನಡುಭಾಗದಿಂದೀಚೆಗೆ ಅಮೆರಿಕದಲ್ಲಿ ಮೊಳಕಾಲಿನ ಸವೆತದ ರೋಗ ಎರಡು ಪಟ್ಟಾಗಿದೆ. ಜನ ಹೆಚ್ಚು ಕಾಲ ಬದುಕುತ್ತಾರೆ, ದಪ್ಪವಾಗಿದ್ದಾರೆ ಎಂಬುದನ್ನು ಲೆಕ್ಕದಿಂದ ಕಳೆದರೂ ಏರಿಕೆ ಉಳಿಯಿತು. ನಡಿಗೆ ಕಡಿಮೆಯಾದದ್ದು ಒಂದು ಕಾರಣವಿರಬಹುದು ಎಂದು ಆ ತಂಡ ಅನುಮಾನಿಸುತ್ತದೆ.

ಇನ್ನು ನೋವು. ಮೃದ್ವಸ್ಥಿಗೆ ರಕ್ತನಾಳವಿಲ್ಲದಂತೆ ನರವೂ ಇಲ್ಲ. ಹಾಗಾಗಿ ಅದು ತೆಳುವಾದದ್ದು ತಾನಾಗಿ ನೋಯುವುದಿಲ್ಲ. ನೋಯುವುದು ಅದರ ಕೆಳಗಿನ ಮೂಳೆ, ಉರಿಯೂತದಿಂದ ಬಾತ ಸೈನೋವಿಯಲ್ ಪೊರೆ, ಸುತ್ತಲಿನ ಸ್ನಾಯು ಮತ್ತು ಕಟ್ಟುಗಳು. ಎಕ್ಸ್‌ರೇಯಲ್ಲಿ ಎರಡು ಮೂಳೆ ಹೆಚ್ಚುಕಡಿಮೆ ತಾಗಿದಂತೆ ಕಂಡವರು ಹೊಲಕ್ಕೆ ಹೋಗಿ ಬರುತ್ತಾರೆ, ಅಷ್ಟೇನೂ ಸವೆಯದವರು ಹಾಸಿಗೆ ಹಿಡಿಯುತ್ತಾರೆ. ಫಿಲ್ಮು ನೋಡಿ "ಪೂರಾ ಸವೆದು ಹೋಗ್ಯದ" ಎಂದು ಹೇಳಿ ಕಳಿಸುವುದು ರೋಗಿಯ ಧೈರ್ಯಕ್ಕೆ ಕೊಡುವ ದೊಡ್ಡ ಪೆಟ್ಟು. ಆ ಮಾತು ಕೇಳಿದವರು ನಡೆಯುವುದನ್ನೇ ಬಿಡುತ್ತಾರೆ. ಆಮೇಲೆ ತೊಡೆ ಸೊರಗುತ್ತದೆ, ನೋವು ನಿಜವಾಗಿಯೂ ಏರುತ್ತದೆ.

ಎಲ್ಲ ಮೊಳಕಾಲು ನೋವೂ ಸವೆತವಲ್ಲ. ಬೆಳಿಗ್ಗೆ ಎದ್ದಾಗ ಕೀಲುಗಳು ತಾಸಿಗೂ ಹೆಚ್ಚು ಬಿಗಿದಿದ್ದು, ಎರಡೂ ಕೈಗಳ ಬೆರಳ ಗೆಣ್ಣುಗಳು ಬಾತಿದ್ದರೆ ಅದು ರುಮಟಾಯ್ಡ್ ಸಂಧಿವಾತ ಆಗಿರಬಹುದು. ದೇಹದ ರಕ್ಷಣಾ ವ್ಯವಸ್ಥೆ ತನ್ನ ಕೀಲಿನ ಪೊರೆಯ ಮೇಲೇ ತಿರುಗಿಬೀಳುವ ಕಾಯಿಲೆಯದು. ಅದಕ್ಕೆ ಮೆಥೊಟ್ರೆಕ್ಸೇಟ್‌ನಂಥ ಬೇರೆಯೇ ಔಷಧ ಬೇಕು, ಬೇಗನೆ ಬೇಕು. ಆ ಮಾತ್ರೆ ವಾರಕ್ಕೊಂದು ದಿನ ನುಂಗುವಂಥದ್ದು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೆ ಕುತ್ತು. ಒಮ್ಮೆಗೇ ಕೆಂಪಾಗಿ, ಬಿಸಿಯಾಗಿ, ಜ್ವರದೊಂದಿಗೆ ಬಾತ ಒಂದೇ ಮೊಳಕಾಲಿದ್ದರೆ ಕೀಲಿನೊಳಗೆ ಕೀವು ಆಗಿರಬಹುದು, ಆ ದಿನವೇ ಆಸ್ಪತ್ರೆ ಸೇರಬೇಕು. 2006ರಲ್ಲಿ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಮಂದಿಗೆ ಚಿಕೂನ್‌ಗುನ್ಯಾ ಶಂಕೆ ದಾಖಲಾದಾಗ, ಜ್ವರ ಇಳಿದು ತಿಂಗಳುಗಳಾದರೂ ಕೀಲು ನೋವು ಬಿಡದವರು ಊರೂರಲ್ಲಿದ್ದರು.

ಸವೆತದ ನೋವಿಗೆ ಮೊದಲ ಮದ್ದು ತೊಡೆಯ ಮುಂಭಾಗದ ಸ್ನಾಯು. ಮಾಡುವುದು ಹೀಗೆ: ಮಂಚದ ಮೇಲೆ ಕಾಲು ಚಾಚಿ ಕೂತು ಮೊಳಕಾಲಿನ ಕೆಳಗೆ ಟವೆಲ್ಲಿನ ಸುರುಳಿ ಇಡಬೇಕು. ಮೊಳಕಾಲಿನ ಹಿಂಬದಿಯಿಂದ ಸುರುಳಿಯನ್ನು ಕೆಳಕ್ಕೆ ಒತ್ತಿ, ತೊಡೆ ಗಟ್ಟಿಯಾದದ್ದು ಕೈಗೆ ತಿಳಿಯುವಷ್ಟು ಬಿಗಿಹಿಡಿದು, ಐದು ಎಣಿಸಿ ಬಿಡಬೇಕು. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಅದು ಸಲೀಸಾದಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಮಾಡುವಾಗ ತುಸು ನೋಯುವುದು ಸಹಜ. ಮರುದಿನವೂ ಹೆಚ್ಚಿದ್ದರೆ ಪ್ರಮಾಣ ಇಳಿಸಬೇಕು. ಇಂಥ ವ್ಯಾಯಾಮ ತಿಂಗಳೆರಡು ತಿಂಗಳು ನಡೆದರೆ ನೋವು ಇಳಿಯುವ ಮಟ್ಟ ನೋವಿನ ಮಾತ್ರೆಗೆ ಕಡಿಮೆಯಿಲ್ಲ ಎಂದು ಹಲವಾರು ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದವರು ಹೇಳುತ್ತಾರೆ. ತೂಕ ಹೆಚ್ಚಿರುವವರಿಗೆ ಇನ್ನೊಂದು ಲಾಭದ ಲೆಕ್ಕ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಳಕಾಲಿನ ಮೇಲಿನ ನಾಲ್ಕು ಕಿಲೋ ಭಾರ ಇಳಿಯುತ್ತದೆ.

ಕೋಲು ಹಿಡಿಯುವವರು ಸಾಮಾನ್ಯವಾಗಿ ನೋಯುವ ಕಾಲಿನ ಕಡೆಗೇ ಹಿಡಿಯುತ್ತಾರೆ. ಅದು ತಪ್ಪು. ಬಲ ಮೊಳಕಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನೊಂದಿಗೇ ಮುಂದೆ ಬರಬೇಕು. ಎತ್ತರದ ಮಣೆ, ಕುರ್ಚಿ ಶೌಚಾಲಯ, ನಿಂತು ಅಡುಗೆ ಮಾಡುವ ಕಟ್ಟೆ, ನಮಾಜಿಗೆ ಕುರ್ಚಿ, ಇವು ಸೋಲಿನ ಗುರುತುಗಳಲ್ಲ.

ಮಾತ್ರೆಯ ಅಂಗಡಿಯ ವಿಷಯದಲ್ಲಿ ಜಾಗ್ರತೆ ಬೇಕು. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದನ್ನು ದನಗಳಿಗೂ ಕೊಡುತ್ತಿದ್ದರು. ಆ ಮದ್ದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆ ಎಂದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ದೇಶದ ರಣಹದ್ದುಗಳಲ್ಲಿ ಬಹುಪಾಲು ಇಲ್ಲವಾಗಿದ್ದವು. ಮನುಷ್ಯರ ಮೂತ್ರಪಿಂಡ ಹದ್ದಿನಷ್ಟು ಸೂಕ್ಷ್ಮವಲ್ಲ. ಆದರೂ ಬಿಪಿ, ಶುಗರ್ ಇರುವ ಹಿರಿಯರು ಬೀದರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ನೀರೂ ಸಾಲದೆ ದಿನಾ ಎರಡು ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು ಎರಡೂ ಆದಾವು. ಅದೇ ಮದ್ದಿನ ಜೆಲ್ಲನ್ನು ಮೊಳಕಾಲಿಗೆ ಹಚ್ಚಿದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಗುಣವೂ ಉಂಟು. ಸಂತೆಯಲ್ಲಿ ಮಾರುವ, ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ನೋವು ಮಾಯ ಮಾಡಿತೆಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಂಶಯ ಇಟ್ಟುಕೊಳ್ಳಲೇಬೇಕು. ಗ್ಲೂಕೋಸಮೀನ್ ಕ್ಯಾಪ್ಸೂಲು ತಿಂಗಳು ತಿಂಗಳೂ ಹಣ ತಿನ್ನುತ್ತದೆ. ಅಮೆರಿಕದಲ್ಲಿ 1,583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಟ್ಟಾರೆಯಾಗಿ ಅದು ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ.

ದುರ್ಬೀನು ಹಾಕಿ ಸವೆದ ಕೀಲನ್ನು ತೊಳೆಯುವ ಶಸ್ತ್ರಚಿಕಿತ್ಸೆಯ ಕಥೆ ಇನ್ನೂ ಗಟ್ಟಿಯಾದ ಪಾಠ. ಹ್ಯೂಸ್ಟನ್‌ನ ಶಸ್ತ್ರವೈದ್ಯ ಬ್ರೂಸ್ ಮೋಸ್ಲಿ 180 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಚರ್ಮದ ಮೇಲೆ ಬರೀ ಗಾಯ ಮಾಡಿ ಹೊಲಿಗೆ ಹಾಕಿದ. ಯಾರಿಗೆ ಏನಾಯಿತೆಂದು ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷದವರೆಗೆ ನೋಡಿದರೂ ಮೂರೂ ಗುಂಪಿನ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ ಹೊರಬಿದ್ದದ್ದು 2002ರಲ್ಲಿ.

ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಹಾಗಲ್ಲ. ರಾತ್ರಿ ನಿದ್ದೆಗೆಡಿಸುವ, ವ್ಯಾಯಾಮ ಮದ್ದು ಯಾವುದಕ್ಕೂ ಬಗ್ಗದ ನೋವಿಗೆ ಅದು ನಿಜವಾದ ಪರಿಹಾರ. ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ ಹೊದಿಕೆ, ನಡುವೆ ಗಟ್ಟಿ ಪಾಲಿಥಿಲೀನ್. ಕೂಡಿಸಿದ ಕೀಲುಗಳಲ್ಲಿ ಶೇ. 82ರಷ್ಟು 25 ವರ್ಷ ಬಾಳುತ್ತವೆ ಎಂಬುದು 2019ರಲ್ಲಿ ಪ್ರಕಟವಾದ ಲೆಕ್ಕ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈ ಲೋಹದ ಸಾಮಾನ್ಯ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮುಂಚೆ ಅದರ ಸರಾಸರಿ ಬೆಲೆ ಒಂದೂವರೆ ಲಕ್ಷ ದಾಟಿತ್ತು. ಆದರೆ ಹೊಸ ಕೀಲು ಬಂದಮೇಲೆ ಕುಕ್ಕರಗಾಲು, ಚಕ್ಕಳಮಕ್ಕಳ ಎರಡೂ ಹೆಚ್ಚಿನವರಿಗೆ ದೂರವೇ. ಬೀದರಿನವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು.

ಶಸ್ತ್ರಚಿಕಿತ್ಸೆಗೆ ಮುಂಚೆ ತೊಡೆಯಲ್ಲಿ ಎಷ್ಟು ಬಲವಿತ್ತೋ, ಆಮೇಲೆ ಎಷ್ಟು ಚೆನ್ನಾಗಿ ನಡೆಯುತ್ತಾರೆಂಬುದು ಬಹಳಮಟ್ಟಿಗೆ ಅದರ ಮೇಲಿದೆ. ಕೀಲು ಕೂಡಿಸಿದ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಮುಂದಿನ ಆರು ವಾರ ಕಾಲು ಮಡಿಸಿ ಚಾಚುವ ಅಭ್ಯಾಸ ತಪ್ಪಿದರೆ ಕೀಲು ಬಿಗಿಯುತ್ತದೆ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಆಪರೇಷನ್ ಮಾಡಿಸಿಕೊಂಡು ಔರಾದಿನ ಹಳ್ಳಿಗೆ ಮರಳಿದವರು ಈ ಆರು ವಾರಗಳಲ್ಲಿಯೇ ಒಬ್ಬಂಟಿಯಾಗುತ್ತಾರೆ. ಜಿಲ್ಲೆಗೆ ಬ್ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಭಾಲ್ಕಿ ಮತ್ತು ಔರಾದಿನಲ್ಲಿ ತಾಲೂಕು ಆಸ್ಪತ್ರೆಗಳಿವೆ. ತಾಲೂಕು ಮಟ್ಟದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ವಾರಕ್ಕೆರಡು ದಿನ ಸಿಗುವಂತಾದರೆ, ಆಪರೇಷನ್ ಆದವರಿಗೂ ಸೋಯಾ ಕೊಯ್ಲು ಮುಗಿಸಿ ಮೊಳಕಾಲು ಹಿಡಿದುಕೊಂಡು ಬರುವವರಿಗೂ ಟವೆಲ್ಲಿನ ಸುರುಳಿ ಹೇಗೆ ಒತ್ತಬೇಕೆಂದು ತೋರಿಸಿಕೊಡಲು ಅಷ್ಟೇ ಸಾಕು.