ಮಿದುಳಿನ ಗೆಡ್ಡೆ ತೋರಿಸುವ ಮದ್ದು

ವಿಕಿರಣ ಎಂದೊಡನೆ ನಾವು ಹೆದರುತ್ತೇವೆ. ಆದರೆ ಮಿದುಳಿನ ಗೆಡ್ಡೆಯ ನೆಲೆ ಹುಡುಕಲು ಅದೇ ನೆರವಾಗುತ್ತದೆ. ಪೆಟ್ ಪರೀಕ್ಷೆಯಲ್ಲಿ ಫ್ಲೋರಿನ್-18 ಎಂಬ ವಿಕಿರಣ ವಸ್ತುವನ್ನು ಸಕ್ಕರೆಯಂಥ ಮದ್ದಿಗೆ ಸೇರಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಅದನ್ನು ಹೆಚ್ಚಾಗಿ ಹೀರುವ ಗೆಡ್ಡೆ ಚಿತ್ರದಲ್ಲಿ ಎದ್ದು ಕಾಣುತ್ತದೆ. ಆದರೆ ಆರೋಗ್ಯವಾದ ಮಿದುಳೂ ಸಕ್ಕರೆಯನ್ನು ಹೇರಳವಾಗಿ ಬಳಸುವುದರಿಂದ ಅಲ್ಲಿ ಕಳೆ ಯಾವುದು, ಬೆಳೆ ಯಾವುದು ಎಂದು ಸುಲಭಕ್ಕೆ ತಿಳಿಯದು. ಆದ್ದರಿಂದ ಗೆಡ್ಡೆಗಳು ಹೆಚ್ಚು ಎಳೆದುಕೊಳ್ಳುವ ಅಮೈನೋ ಆಮ್ಲಕ್ಕೆ ಈ ಗುರುತು ಸೇರಿಸುವುದುಂಟು.

ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಹೊರಟ ಮದ್ದು ನಮ್ಮ ನಿಡಸೋಸಿ ತಲುಪುವಷ್ಟರಲ್ಲಿ ಬಹುಪಾಲು ನಿಸ್ತೇಜ! ಅದಕ್ಕೇ ನಿಮ್ಹಾನ್ಸ್‌ನಂಥ ಆಸ್ಪತ್ರೆಯವರು ಕೊಟ್ಟ ಹೊತ್ತಿಗೆ ಮುಂಚೆಯೇ ಹಾಜರಿರಬೇಕು, ಮದ್ದು ಕಾಯದು. ಇದೇ ಗುಣದಿಂದ ಮೈಯೊಳಗಿನ ವಿಕಿರಣವೂ ಮರುದಿನಕ್ಕೆ ಬಹುತೇಕ ಇಲ್ಲವಾಗುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರಿಗೆ ಮೊದಲೇ ತಿಳಿಸಬೇಕು.